ನೀರು ಸರಿಯಾಗಿತ್ತು

ದಿಜೋನ್ ನಗರದಿಂದ ಬಂದಿದ್ದ ಹೆಂಗಸು ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಅದರ ಮೈಕನ್ನು ಮೊದಲು ಕ್ಲೋವಿಸನ ಕಡೆಗೆ ತಿರುಗಿಸಿದ್ದಳು. ಹತ್ತು ನಿಮಿಷವಾದ ಮೇಲೆ, ಸಹಜವೆಂಬಂತೆ ಅದನ್ನು ಬಾರ್ನಬೆಯ ಕಡೆಗೆ ಸರಿಸಿದಳು. ಇದರಲ್ಲಿ ಅವಮಾನಪಡುವಂಥದ್ದೇನೂ ಇಲ್ಲ ಎಂದು ಕ್ಲೋವಿಸ್ ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಅವಮಾನವೆನಿಸಿತು. ನಲವತ್ತನಾಲ್ಕು ವರ್ಷ ಪೀಪಾಯಿ ಕಟ್ಟಿದವನು ಪೀಪಾಯಿಯ ಬಗ್ಗೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ್ದ. ‘ಓಕ್ ಮರ ಸೀಳ್ತೀವಿ. ಗರಗಸ ಹಾಕೋದಿಲ್ಲ, ಸೀಳ್ತೀವಿ. ಮೂರು ವರ್ಷ ಮಳೆ ಬಿಸಿಲಿಗೆ ಬಿಡ್ತೀವಿ. ಆಮೇಲೆ ಕೀಸ್ತೀವಿ.’ ಯಾಕೆ ಸೀಳಬೇಕು ಎಂದು ಅವಳು ಕೇಳಿದ್ದಳು. ‘ಇಲ್ದಿದ್ರೆ ಸೋರತ್ತೆ’ ಎಂದಿದ್ದ. ಎಳೆಯ ಜಾಡು ಹಿಡಿದು ಸೀಳಿದರೆ ಮಾತ್ರ ಮರ ವೈನನ್ನು ಒಳಗೇ ಹಿಡಿದಿಡುತ್ತದೆ ಎಂಬುದು, ಕೊಡಲಿ ಇಳಿದಾಗ ಓಕ್ ಬಾಯಿಬಿಡುವ ಸದ್ದಿನಲ್ಲೇ ಅದು ಜಾಡು ಹಿಡಿಯಿತೋ ತಪ್ಪಿತೋ ತಿಳಿಯುತ್ತದೆ ಎಂಬುದು ಅವನ ಅಂಗೈಗೆ ಗೊತ್ತಿತ್ತು, ನಾಲಗೆಗೆ ಬರಲಿಲ್ಲ. ಓಕಿನ ಒಗರು ಕಬ್ಬಿಣಕ್ಕೆ ತಾಗಿ ಕಪ್ಪಿಟ್ಟಿದ್ದ ಬೆರಳುಗಳನ್ನು ಅವನು ಮೇಜಿನ ಕೆಳಗೆ ಎಳೆದುಕೊಂಡ.

ಬಾರ್ನಬೆಯ ಬೆರಳುಗಳೂ ಹಾಗೆಯೇ ಕಪ್ಪಗಿದ್ದವು. ಆದರೆ ಅವನು ಅವುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಗಾಳಿಯಲ್ಲಿ ಪೀಪಾಯಿಯ ಹೊಟ್ಟೆ ಬಿಡಿಸಿ ತೋರಿಸುತ್ತ, ಒಂದೇ ಕಣ್ಣಿನಲ್ಲಿ ಅವಳನ್ನು ನಗಿಸುತ್ತ ಕೂತಿದ್ದ. ಎಡಗಣ್ಣಿನ ರೆಪ್ಪೆ ಮುಚ್ಚಿಕೊಂಡು, ಹೊಲಿದ ಚೀಲದ ಬಾಯಿಯಂತೆ ಒಳಗೆ ಸೇದಿಕೊಂಡಿತ್ತು. ‘ನೋಡಿ ಮದಾಮ್, ಪೀಪಾಯಿಗೆ ಮೊಳೆ ಇಲ್ಲ, ಅಂಟಿಲ್ಲ. ಮೂವತ್ತು ಹಲಗೆ ಒಂದನ್ನೊಂದು ತಳ್ಕೊಂಡು ನಿಂತಿರೋದು, ಸುತ್ತ ಕಬ್ಬಿಣದ ಬಳೆ, ಅಷ್ಟೆ. ನಮ್ಮ ಹಳ್ಳೀನೂ ಹಾಗೇನೆ. ಯಾರಿಗೂ ಯಾರನ್ನ ಕಂಡ್ರೂ ಆಗೋಲ್ಲ, ಆದ್ರೆ ಒಬ್ಬ ಸಡಿಲ ಬಿಟ್ರೆ ಎಲ್ಲಾ ಉರುಳ್ತೀವಿ. ಅದಕ್ಕೇ ತಳ್ಳಾಡ್ಕೊಂಡು ಇದೀವಿ.’ ಅವಳು ನಕ್ಕಳು. ಹಳೆಯ ಕಸುಬುಗಳ ಮಾತನ್ನು ಅವು ಸಾಯುವ ಮುಂಚೆ ಹಿಡಿದಿಡುವುದು ತನ್ನ ಕೆಲಸವೆಂದು ಬೆಳಿಗ್ಗೆ ಬಂದಾಗ ಹೇಳಿದ್ದಳು. ‘ಹಾಗಾದ್ರೆ ಬೇಗ ಬೇಗ ಕೇಳಿ, ಇವನು ಆಗಲೇ ಅರ್ಧ ಸತ್ತಿದಾನೆ’ ಎಂದು ಬಾರ್ನಬೆ ಕ್ಲೋವಿಸನ ಬೆನ್ನಿಗೆ ಗುದ್ದಿದ್ದ. ಈಗ ಅವಳು ಸ್ವಲ್ಪ ಹಿಂಜರಿದು, ‘ನಿಮ್ಮ ಕಣ್ಣಿನ ವಿಷಯ ಕೇಳಬಹುದಾ?’ ಎಂದಳು.

‘ಕೇಳಿ, ಅದೇನು ಗುಟ್ಟಾ? ಮರ ನನಗೆ ಕಣ್ಣು ಹೊಡೀತು.’ ಇದು ಅವನ ಹಳೆಯ ಜೋಕು. ಇಪ್ಪತ್ತಾರು ವರ್ಷದಿಂದ ಕೇಳಿದವರಿಗೆಲ್ಲ ಹೀಗೇ ಹೇಳಿ ಮಾತು ಮುಗಿಸುತ್ತಿದ್ದ, ಮತ್ತು ಪ್ರತಿ ಸಲವೂ ಕ್ಲೋವಿಸ್ ಉಳಿದವರಿಗಿಂತ ಒಂದು ಗಳಿಗೆ ತಡವಾಗಿ ನಗುತ್ತಿದ್ದ. ಈ ಸಲ ಬಾರ್ನಬೆ ಅಲ್ಲಿಗೆ ನಿಲ್ಲಿಸಲಿಲ್ಲ. ತಿರುಗುತ್ತಿದ್ದ ಟೇಪನ್ನು ನೋಡುತ್ತ ಕೂತ. ಪಾಪನಿವೇದನೆಯ ಗೂಡಿನಲ್ಲಿ ಪಾದ್ರಿಯ ಮುಖ ಕಾಣಿಸದೆ ಇರುವುದರಿಂದ ಮಾತು ಬರುತ್ತದಂತೆ. ಈ ಯಂತ್ರಕ್ಕಂತೂ ಮುಖವೇ ಇರಲಿಲ್ಲ. ‘ತಪ್ಪು ನಂದೇ, ಮದಾಮ್’ ಎಂದ ಬಾರ್ನಬೆ. ಕ್ಲೋವಿಸ್ ತಲೆ ಎತ್ತಿದ. ‘ಹಲಗೆ ಬಗ್ಗಿಸ್ತೀವಲ್ಲ, ಆಗ ಒಳಗಡೆ ಬೆಂಕಿ ಇರತ್ತೆ, ಹೊರಗಡೆಯಿಂದ ಒದ್ದೆಬಟ್ಟೇಲಿ ನೀರೆಳೀತಾ ಇರ್ಬೇಕು. ಬೆಂಕಿಗೂ ನೀರಿಗೂ ಮಧ್ಯೆ ಸಿಕ್ಕಿದ್ರೇನೆ ಓಕ್ ಬಗ್ಗೋದು. ಮೂರು ಸಲ ಎಳೀಬೇಕು. ನಾನು ಆವತ್ತು ಎರಡೇ ಸಲ ಎಳ್ದಿದ್ದೆ. ಶನಿವಾರ, ಮಧ್ಯಾಹ್ನ ಕೆಳಗಿನ ರಸ್ತೇಲಿ ಸೈಕಲ್ ರೇಸು ಹಾದುಹೋಗೋದಿತ್ತು, ನೋಡೋ ಚಪಲ. ರಾಟೆ ತಿರುಗಿಸ್ದೆ, ತಂತಿಹಗ್ಗ ಬಿಗೀತು, ಒಂದು ಹಲಗೆ ಸಿಡೀತು. ಆಸ್ಪತ್ರೇಲಿ ಹತ್ತೊಂಬತ್ತು ದಿನ ಮಲಗಿದ್ದೆ. ಮೊದಲು ಮರಾನ ಬೈದೆ, ಆಮೇಲೆ ದೇವರನ್ನ ಬೈದೆ, ಆಮೇಲೆ ಆ ಮೂರನೇ ಸಲದ ನೀರು ನೆನಪಾಯ್ತು. ಅಲ್ಲೇ ಮಲಗಿ ನೀರು ಕಲಿತೆ, ಮದಾಮ್. ಕಣ್ಣು ಹೋಗಿ ಅಂಗೈ ಬಂತು. ಈಗ ನಾನು ಕೈಯಿಟ್ಟು ಸರಿ ಅನ್ನೋವರೆಗೂ ಈ ಕಾರ್ಖಾನೇಲಿ ಯಾರೂ ರಾಟೆ ಮುಟ್ಟೋದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಹಲಗೆ ಸಿಡಿದಿಲ್ಲ. ಹೇಳೋ ಕ್ಲೋವಿಸ್, ಸಿಡಿದಿದ್ಯಾ?’

ಅವಳು ಮೈಕನ್ನು ಕ್ಲೋವಿಸನ ಕಡೆಗೆ ತಿರುಗಿಸಿದಳು.

‘ಇಲ್ಲ’ ಎಂದ ಕ್ಲೋವಿಸ್. ಅವನ ಧ್ವನಿ ಸಾಲಲಿಲ್ಲವೆಂದು ಅವಳು ಸನ್ನೆ ಮಾಡಿದಳು. ‘ಇಲ್ಲ. ಸಿಡಿದಿಲ್ಲ’ ಎಂದು ಅವನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ.

ಊಟದ ನಂತರ ಅವಳು ಹೊರಟುಹೋದಳು. ಕ್ಲೋವಿಸ್ ತನ್ನ ಜಾಗಕ್ಕೆ ಬಂದು, ಕೀಸಿಟ್ಟ ಹಲಗೆಗಳನ್ನು ಒಂದೊಂದಾಗಿ ಬಳೆಯೊಳಗೆ ನಿಲ್ಲಿಸತೊಡಗಿದ. ಅಗಲದ ಪಕ್ಕ ಕಿರಿದು, ಕಿರಿದರ ಪಕ್ಕ ಅಗಲ. ತುದಿಯಲ್ಲಿ ಬಳೆ ಬಿಗಿದು ಬುಡದಲ್ಲಿ ಬಿಚ್ಚಿಕೊಂಡ ಇದನ್ನು ಅವರು ಗುಲಾಬಿ ಎಂದು ಕರೆಯುತ್ತಾರೆ. ಇಲ್ಲಿಂದ ಅದು ಬೆಂಕಿಗೆ ಹೋಗುತ್ತದೆ, ಅಲ್ಲಿ ಬಿಚ್ಚಿದ ಬುಡವನ್ನು ಹಗ್ಗ ಸುತ್ತಿ ಎಳೆದು ಮುಚ್ಚುತ್ತಾರೆ. ಕೈ ತಾನಾಗಿ ಕೆಲಸ ಮಾಡುತ್ತಿತ್ತು. ತಪ್ಪು ನಂದೇ, ಮದಾಮ್. ಇಷ್ಟು ವರ್ಷ ಕ್ಲೋವಿಸ್ ಬೇರೆಯೇ ನಂಬಿದ್ದ. ಬಾರ್ನಬೆ ಅದನ್ನು ದೈವವೆಂದುಕೊಂಡಿದ್ದಾನೆ, ಸಿಡಿಲಿನ ಹಾಗೆ, ಆಲಿಕಲ್ಲಿನ ಹಾಗೆ, ಯಾರ ಮೇಲೂ ಹೊರಿಸಲಾಗದ್ದು. ಹಾಗೆ ಅಂದುಕೊಂಡವನಿಗೆ ನಿಜ ಹೇಳಿ ಹೊಸದಾಗಿ ನೋಯಿಸುವುದು ಯಾಕೆ ಎಂದು ಅವನು ಒಂದೊಂದು ವರ್ಷವೂ ತನಗೆ ರಜೆ ಕೊಟ್ಟುಕೊಂಡಿದ್ದ. ಈಗ ನೋಡಿದರೆ ಆ ಭಾರ ಎಲ್ಲೋ ಬಯಲಲ್ಲಿ ಬಿದ್ದಿರಲಿಲ್ಲ. ಪಕ್ಕದವನ ಹೆಗಲ ಮೇಲಿತ್ತು. ಅವನು ಅದನ್ನು ಹೊತ್ತುಕೊಂಡೇ ಜೋಕು ಹೇಳುತ್ತಿದ್ದ.

ಆ ದಿನವೂ ಅವನು ಇದೇ ಜಾಗದಲ್ಲಿ ನಿಂತಿದ್ದ. ಬಾಗಿಲು ಬೇರೆ ಕಡೆಗಿತ್ತು, ಆಗಿನ್ನೂ ಹಳೆಯ ಯಜಮಾನ ಬದುಕಿದ್ದ. ಏಪ್ರಿಲ್ಲಿನ ಬಿಸಿಲು ಮರದ ಹುಡಿಯ ಮೇಲೆ ಬಿದ್ದು ಕಾರ್ಖಾನೆಯೆಲ್ಲ ಹಳದಿಯಾಗಿತ್ತು. ಬೆರ್ತ್ರಾಂಜ್ ಕಾಡಿನಿಂದ ಬಂದ ಮರದಲ್ಲಿ ಆ ವರ್ಷ ಗಂಟು ಜಾಸ್ತಿ. ಕ್ಲೋವಿಸ್ ಒಂದು ಹಲಗೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಕೆರೆದು, ಸೌದೆಯ ರಾಶಿಗೆ ಎಸೆದಿದ್ದ. ಕಡಲೆಕಾಳಿನಷ್ಟು ಗಂಟು, ಆದರೆ ಅದರ ಸುತ್ತ ಎಳೆ ಸುಳಿಯಂತೆ ಓಡಿತ್ತು. ಆಗಲೇ ಬಾರ್ನಬೆ, ಎರಡೂ ಕಣ್ಣಿದ್ದ ಬಾರ್ನಬೆ, ರಾಟೆಗೆ ಒರಗಿಕೊಂಡು, ಗುಲಾಬಿ ಬರುವುದನ್ನು ಕಾದು ಕಾದು ಬೇಸರವಾಗಿ, ಆ ಮಾತು ಅಂದದ್ದು. ಒಂದೇ ಒಂದು ವಾಕ್ಯ. ಯಜಮಾನ ನಕ್ಕ. ಬಳೆ ಬಡಿಯುತ್ತಿದ್ದವರು ಸುತ್ತಿಗೆ ನಿಲ್ಲಿಸಿ ನಕ್ಕರು. ಅಂದು ಕಾರ್ಖಾನೆಗೆ ವೈನ್ ತಂದಿದ್ದ ಒಬ್ಬಳು ತೋಟದ ಹೆಂಗಸೂ ನಕ್ಕಳು, ಅವಳ ಮುಖ ಮರೆತುಹೋಗಿದೆ, ಮುಂದಿನ ಹಲ್ಲೊಂದು ಮುರಿದಿದ್ದದ್ದು ಮಾತ್ರ ನೆನಪಿದೆ. ಕ್ಲೋವಿಸನೂ ನಕ್ಕ. ನಕ್ಕು, ಬಗ್ಗಿ, ಸೌದೆಯ ರಾಶಿಯಿಂದ ಆ ಹಲಗೆಯನ್ನೇ ಎತ್ತಿಕೊಂಡು, ಗಂಟನ್ನು ಒಳಮುಖ ಮಾಡಿ ಗುಲಾಬಿಯಲ್ಲಿ ನಿಲ್ಲಿಸಿದ. ಆರಿಸದೆ ಹಾಕಬೇಕು ತಾನೆ, ತಗೋ. ಸಿಡಿಯಲಿ. ಯಜಮಾನನ ಎದುರು ಅವನ ಕೈಯಲ್ಲೇ ಸಿಡಿಯಲಿ, ಒಂದು ಪೀಪಾಯಿ ಹಾಳಾಗಲಿ, ಆಗ ಯಾರು ನಗುತ್ತಾರೋ ನೋಡೋಣ. ಇಷ್ಟನ್ನು ಅವನು ಅಂದುಕೊಂಡಿದ್ದ. ಇದಕ್ಕಿಂತ ಹೆಚ್ಚೇನಾದರೂ ಅಂದುಕೊಂಡಿದ್ದನೆ? ಹಲಗೆ ಬಿರುಕು ಬಿಡುವುದು ಆಗೆಲ್ಲ ದಿನವೂ ಇದ್ದದ್ದೇ, ಹಾರುವುದು ಎಲ್ಲೋ ಲಕ್ಷಕ್ಕೊಂದು ಎಂದು ಎಷ್ಟು ಸಲ ಹೇಳಿಕೊಂಡರೂ, ಬೆಂಕಿಯ ಮೇಲೆ ಗುಲಾಬಿ ಇಟ್ಟಾಗ ತಾನು ಎರಡು ಹೆಜ್ಜೆ ಹಿಂದೆ ಸರಿದದ್ದು ನೆನಪಾಗುತ್ತಿತ್ತು. ಎಂದೂ ಸರಿಯದವನು ಆವತ್ತು ಯಾಕೆ ಸರಿದ?

ಆಮೇಲಿನದು ಸದ್ದು. ಕೂಗಲ್ಲ, ಕೂಗು ತಡವಾಗಿ ಬಂತು. ಎಲ್ಲರೂ ಬಾರ್ನಬೆಯನ್ನು ಹೊತ್ತು ಯಜಮಾನನ ಗಾಡಿಗೆ ಹಾಕಲು ಓಡಿದಾಗ ಕ್ಲೋವಿಸ್ ಒಬ್ಬನೇ ಒಳಗೆ ಉಳಿದಿದ್ದ. ಮುರಿದ ಹಲಗೆಯ ಎರಡು ತುಂಡುಗಳನ್ನು ಹೆಕ್ಕಿ ಅಗ್ಗಿಷ್ಟಿಕೆಗೆ ಹಾಕಿದ. ಒಳ್ಳೆಯ ಓಕ್, ಚೆನ್ನಾಗಿ ಉರಿಯಿತು. ಮುಂದಿನ ಚಳಿಗಾಲದಿಂದ ಅವನು ಬಾರ್ನಬೆಯ ಮನೆಗೆ ಸೌದೆ ಸೀಳಿ ಹಾಕತೊಡಗಿದ. ಒಂದು ಕಣ್ಣಿನವನಿಗೆ ಕೊಡಲಿಯ ಗುರಿ ತಪ್ಪುತ್ತದೆಂದು ಊರಿನವರೆಲ್ಲ ಅದನ್ನು ಮೆಚ್ಚಿದರು. ಬಾರ್ನಬೆಯ ಹಿರಿಯ ಮಗಳಿಗೆ ಜ್ಞಾನಸ್ನಾನ ಮಾಡಿಸುವಾಗ ಧರ್ಮಪಿತನಾಗಿ ನಿಂತವನೂ ಅವನೇ. ‘ನಿನ್ನಂಥ ಗೆಳೆಯ ನನಗಿಲ್ಲ’ ಎಂದು ಕ್ಲೋವಿಸನ ಹೆಂಡತಿ ಒದೀಲ್ ಒಮ್ಮೆ ತಮಾಷೆಗೆ ಹೊಟ್ಟೆಕಿಚ್ಚು ಪಟ್ಟಿದ್ದಳು.

ಐದು ಗಂಟೆಗೆ ಮನೆಗೆ ಬಂದು ಅವನು ಕೈ ತೊಳೆಯದೆ ನಿಂತೇ ಇದ್ದ. ಒದೀಲ್ ಒಲೆಯ ಮುಂದೆ ಈರುಳ್ಳಿ ಬಾಡಿಸುತ್ತಿದ್ದಳು. ‘ಬಾರ್ನಬೆ ಮನೆಗೆ ಹೋಗಿಬರ್ತೀನಿ’ ಎಂದ. ‘ದಿನವೆಲ್ಲ ಅವನ ಮುಖ ನೋಡಿದ್ದು ಸಾಲದಾ?’ ಎಂದಳು ಅವಳು, ತಿರುಗದೆ. ಆಮೇಲೆ ತಿರುಗಿ ನೋಡಿ, ಏನೋ ಕಂಡವಳಂತೆ, ಕಪಾಟಿನಿಂದ ಪ್ಲಮ್ ಜಾಮಿನ ಒಂದು ಸೀಸೆ ತೆಗೆದು ಅವನ ಕೈಗಿಟ್ಟಳು. ‘ಬರಿಗೈಲಿ ಹೋಗ್ಬೇಡ. ಸೋಲಾಂಜ್ ಕಳೆದ ವಾರ ಮೊಟ್ಟೆ ಕಳಿಸಿದ್ಲು.’ ಚರ್ಚಿನ ಪಕ್ಕದ ಇಳಿಜಾರಿನಲ್ಲಿ, ನವೆಂಬರಿನ ಮಂಜಿನಲ್ಲಿ, ಆ ಸೀಸೆಯನ್ನು ಎದೆಗೆ ಹಿಡಿದು ನಡೆಯುತ್ತ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಇಪ್ಪತ್ತಾರು ವರ್ಷದ ಮಾತನ್ನು ಹೇಳಲು ಹೊರಟವನ ಕೈಯಲ್ಲಿ ಜಾಮು. ಎಲ್ಲಾದರೂ ಗೋಡೆಯ ಮೇಲಿಟ್ಟು ಹೋಗೋಣವೆಂದುಕೊಂಡ. ನಾಳೆ ಯಾರಾದರೂ ಗುರುತು ಹಿಡಿದು ಒದೀಲಳಿಗೆ ವಾಪಸು ತಂದುಕೊಟ್ಟಾರೆಂದು ಇಡಲಿಲ್ಲ.

ಅಡುಗೆಮನೆಯಲ್ಲಿ ಬಾರ್ನಬೆಯೂ ಅವನ ಹೆಂಡತಿ ಸೋಲಾಂಜಳೂ ಮೇಜಿನ ಮೇಲೆ ಅಕ್ರೋಟಿನ ರಾಶಿ ಹಾಕಿಕೊಂಡು ಸಣ್ಣ ಮರದ ಸುತ್ತಿಗೆಯಿಂದ ಒಡೆಯುತ್ತಿದ್ದರು. ಗಾಣಕ್ಕೆ ಕಳಿಸುವ ಕಾಲ. ‘ಬಾರೋ ಬಾ! ಸೋಲಾಂಜ್, ಇವತ್ತು ಯಂತ್ರದ ಮುಂದೆ ಇವನು ಮಾಡಿದ ಭಾಷಣ ನೀನು ಕೇಳಬೇಕಿತ್ತು. ಹೌದು, ಇಲ್ಲ, ಸೋರತ್ತೆ! ಮುಗೀತು!’ ಎಂದು ಬಾರ್ನಬೆ ನಕ್ಕ. ಸೋಲಾಂಜ್ ಜಾಮ್ ತೆಗೆದುಕೊಂಡು ‘ಒದೀಲಳಿಗೆ ಬೇರೆ ಕೆಲಸವಿಲ್ಲ’ ಎಂದು ಸಂತೋಷಪಟ್ಟು, ಲೋಟಕ್ಕೆ ವೈನ್ ಸುರಿದಳು. ಕ್ಲೋವಿಸ್ ಕೂರಲಿಲ್ಲ. ಕೂತರೆ ಎಂದಿನಂತೆ ಆಗಿಬಿಡುತ್ತದೆಂದು ಅವನಿಗೆ ಗೊತ್ತಿತ್ತು.

‘ಆ ಹಲಗೆ’ ಎಂದ. ‘ಆವತ್ತಿನ ಹಲಗೆ. ಅದರಲ್ಲಿ ಗಂಟಿತ್ತು.’

‘ಯಾವ ಹಲಗೆ?’

‘ನಿನ್ನ ಕಣ್ಣಿನದು. ಗಂಟಿದ್ದದ್ದು ನಾನು ನೋಡಿದ್ದೆ. ಸೌದೆಗೆ ಹಾಕಿದ್ದೆ. ಆಮೇಲೆ ತೆಗೆದು ನಾನೇ ನಿಲ್ಲಿಸ್ದೆ.’

ಸೋಲಾಂಜಳ ಸುತ್ತಿಗೆ ನಿಂತಿತು. ಬಾರ್ನಬೆ ಇನ್ನೊಂದು ಅಕ್ರೋಟನ್ನು ಒಡೆದು, ಸಿಪ್ಪೆ ಬೇರೆ ತಿರುಳು ಬೇರೆ ಮಾಡಿ, ತಿರುಳನ್ನು ಬಟ್ಟಲಿಗೆ ಹಾಕಿದ. ಆಮೇಲೆ ಅವನು ಕೇಳಿದ್ದು ಕಸುಬಿನವನು ಕೇಳುವ ಪ್ರಶ್ನೆ. ‘ಗಂಟು ಎಲ್ಲಿತ್ತು?’

‘ಹೊಟ್ಟೆಯಿಂದ ಒಂದು ಗೇಣು ಕೆಳಗೆ.’

‘ಒಳಮುಖವೋ ಹೊರಮುಖವೋ?’

‘ಒಳಮುಖ.’

‘ಎಷ್ಟು ದಪ್ಪ?’

‘ಕಡಲೇಕಾಳಿನಷ್ಟು. ಆದರೆ ಎಳೆ ತಿರುಚಿತ್ತು, ಇಷ್ಟಗಲ’ ಎಂದು ಕ್ಲೋವಿಸ್ ಬೆರಳಲ್ಲಿ ತೋರಿಸಿದ. ಬಾರ್ನಬೆಯ ಒಂಟಿ ಕಣ್ಣು ಆ ಬೆರಳುಗಳ ನಡುವಿನ ಖಾಲಿ ಜಾಗವನ್ನು ಅಳೆಯಿತು. ಹೌದು, ಅಷ್ಟು ತಿರುಚಿದ್ದರೆ ಸಿಡಿಯುತ್ತದೆ ಎಂದು ಅವನ ತಲೆ ತಾನಾಗಿ ಆಡಿತು. ಮೂರು ಸಲವಲ್ಲ, ಮೂವತ್ತು ಸಲ ನೀರೆಳೆದಿದ್ದರೂ ಸಿಡಿಯುತ್ತದೆ. ‘ಯಾಕೆ ಹಾಕಿದೆ?’ ಎಂದು ಕೇಳಿದ.

‘ನೀನು ಒಂದು ಮಾತಂದೆ. ಎಲ್ಲರೆದುರು.’

‘ನಾನಾ? ಏನಂದೆ?’

ಅವನಿಗೆ ನೆನಪಿರಲಿಲ್ಲ. ನಾಟಕವಲ್ಲ, ಆ ಮುಖದಲ್ಲಿ ಪ್ರಾಮಾಣಿಕವಾದ ಹುಡುಕಾಟವಿತ್ತು. ಇಷ್ಟು ವರ್ಷ ತಾನು ಕಾಪಾಡಿಕೊಂಡು ಬಂದ ಆ ವಾಕ್ಯವನ್ನು, ಅಕ್ಷರ ತಪ್ಪದೆ ನೆನಪಿರುವುದನ್ನು, ಈಗ ತನ್ನ ಬಾಯಿಂದಲೇ ಹೇಳಬೇಕಾಗಿ ಬರುತ್ತದೆಂದು ಕ್ಲೋವಿಸ್ ಯೋಚಿಸಿರಲಿಲ್ಲ. ಆಗ ಅವನಿಗೆ ಮೂವತ್ತೆರಡು, ಮದುವೆಯಾಗಿರಲಿಲ್ಲ, ಎರಡು ಕಡೆ ಬೇಡವೆಂದಿದ್ದರು; ಇದನ್ನೆಲ್ಲ ವಿವರಿಸುವುದು ಹೇಗೆ. ನೆಲ ನೋಡುತ್ತ ಹೇಳಿದ: ‘ಕ್ಲೋವಿಸ್ ಹಲಗೆ ಆರಿಸೋದು ಪಾದ್ರಿ ಹೆಣ್ಣು ನೋಡೋಕೆ ಹೋದ ಹಾಗೆ, ಎಲ್ಲಾ ನೋಡ್ತಾನೆ, ಯಾವುದನ್ನೂ ಮುಟ್ಟೋದಿಲ್ಲ, ಅಂದೆ.’

ಸೋಲಾಂಜ್ ಕಿಸಕ್ಕನೆ ನಕ್ಕುಬಿಟ್ಟಳು. ತಕ್ಷಣ ಬಾಯಿಗೆ ಅಂಗೈ ಅಡ್ಡ ಹಿಡಿದು, ಮುಖ ಕೆಂಪಾಗಿ, ಎದ್ದು ಒಲೆಯ ಕಡೆ ಹೋಗಿ ಬೆನ್ನು ಹಾಕಿ ನಿಂತಳು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಾತು ನಿಜಕ್ಕೂ ನಗು ಬರುವಂಥದ್ದು. ಅಂಥ ಒಂದು ಮಾತಿಗೆ ಒಂದು ಕಣ್ಣು. ಕ್ಲೋವಿಸನಿಗೆ ಕಿವಿಯವರೆಗೂ ಬಿಸಿಯೇರಿತು, ಮತ್ತು ಇಂಥ ಹೊತ್ತಿನಲ್ಲೂ ತನಗೆ ಮುಜುಗರವಾಗಬಲ್ಲದು ಎಂಬುದನ್ನು ನೋಡಿ ಅವನಿಗೆ ಭಯವಾಯಿತು.

ಬಾರ್ನಬೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕ್ಲೋವಿಸ್ ಸಿಟ್ಟಿಗೆ ಸಿದ್ಧನಾಗಿ ಬಂದಿದ್ದ. ಹೊಡೆದರೆ ಹೊಡೆಸಿಕೊಳ್ಳಬೇಕು, ಎದುರಾಡಬಾರದು ಎಂದು ಇಳಿಜಾರಿನಲ್ಲಿ ನಿಶ್ಚಯಿಸಿಕೊಂಡಿದ್ದ. ಕ್ಷಮಿಸಿದರೆ ಏನು ಮಾಡಬೇಕೆಂಬುದನ್ನೂ, ನಾಚಿಕೆಗೆಟ್ಟು, ಸ್ವಲ್ಪ ಯೋಚಿಸಿದ್ದ. ಬಾರ್ನಬೆ ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಳ್ಳುತ್ತಿದ್ದ, ಅದರಲ್ಲಿ ಏನೋ ಬರೆದಿದ್ದು ಅಳಿಸಿಹೋದ ಹಾಗೆ.

‘ಹಾಗಾದ್ರೆ ನೀರು ಸರಿಯಾಗಿತ್ತು’ ಎಂದ.

‘ಸರಿಯಾಗಿತ್ತು. ನಿನ್ನ ತಪ್ಪೇನೂ ಇಲ್ಲ. ಅದನ್ನ ಹೇಳೋಕೇ ಬಂದೆ. ನೀನು ಇವತ್ತು ಆ ಯಂತ್ರದ ಮುಂದೆ ಹಾಗಂದಾಗ ನನಗೆ...’

‘ಎರಡು ಸಲ ಎಳ್ದಿದ್ದೇ ಸಾಕಾಗಿತ್ತು.’

‘ಸಾಕಾಗಿತ್ತು.’

‘ಮತ್ತೆ ಇಷ್ಟು ವರ್ಷ ನಾನು ಕೈಯಿಟ್ಟು ನೋಡಿದ್ದೇನು?’ ಬಾರ್ನಬೆಯ ಧ್ವನಿ ಏರಿತು, ಆದರೆ ಅದು ಕ್ಲೋವಿಸನ ಮೇಲೆ ಏರಿದ್ದಲ್ಲ. ‘ಎಲ್ಲರೂ ನಿಂತ್ಕೊಂಡು ಕಾಯ್ತಾರೆ. ನಾನು ಮುಟ್ಟಿ, ಕಣ್ಮುಚ್ಚಿ, ಆಯ್ತು ಅಂತೀನಿ. ಏನಾಯ್ತು? ಯಾವ ನೀರು? ಹಲಗೆ ಒಳ್ಳೇದಿತ್ತು, ಅದಕ್ಕೆ ಸಿಡೀಲಿಲ್ಲ. ಒಳ್ಳೇ ಹಲಗೆ ನೋಡಿ ನೋಡಿ ನೀನು ಹಾಕ್ತಿದ್ದೆ, ಅಲ್ವಾ? ಆವತ್ತಿಂದ ಒಂದು ಗಂಟೂ ಬಿಟ್ಟಿಲ್ಲ ನೀನು. ನಿನ್ನ ಕೆಲಸಾನ ನಾನು ನನ್ನ ಕೈ ಅಂದ್ಕೊಂಡಿದ್ದೆ.’

ಕ್ಲೋವಿಸ್ ಇದನ್ನು ಹೀಗೆ ನೋಡಿಯೇ ಇರಲಿಲ್ಲ, ಮತ್ತು ನೋಡಿದ ಕೂಡಲೇ ಅದು ನಿಜವೆಂದು ತಿಳಿಯಿತು. ‘ಹಾಗಲ್ಲ ಕಣೋ, ನಿನ್ನ ಕೈ...’ ಎಂದು ಶುರುಮಾಡಿದ.

‘ಸೌದೆ’ ಎಂದು ಬಾರ್ನಬೆ ತಡೆದ. ‘ಪ್ರತಿ ವರ್ಷ ನನ್ನ ಮನೆಗೆ ಸೌದೆ ಸೀಳಿ ಹಾಕಿದೀಯ. ಮಗೂನ ಎತ್ಕೊಂಡು ಚರ್ಚಲ್ಲಿ ನಿಂತೆ. ಅದೆಲ್ಲ ಯಾತಕ್ಕೆ? ಸ್ನೇಹಕ್ಕಾ, ಇದಕ್ಕಾ?’

‘ಎರಡಕ್ಕೂ’ ಎನ್ನಬೇಕೆನಿಸಿತು ಕ್ಲೋವಿಸನಿಗೆ. ಹಾಗೆ ಹೇಳುವುದು ಸುಳ್ಳೋ ನಿಜವೋ ಎಂದು ಒಂದು ಕ್ಷಣ ತನ್ನೊಳಗೆ ಹುಡುಕಿದ. ಮೊದಲ ವರ್ಷದ ಸೌದೆ ಯಾತಕ್ಕೆಂದು ಅವನಿಗೆ ಗೊತ್ತಿತ್ತು. ಹತ್ತನೆಯ ವರ್ಷದ್ದು, ಇಪ್ಪತ್ತನೆಯ ವರ್ಷದ್ದು? ಬೆಳಗಿನ ಚಳಿಯಲ್ಲಿ ಬಾರ್ನಬೆ ಕಿಟಕಿ ತೆರೆದು ‘ನಿಧಾನ ಕಣೋ, ಕಾಲು ಸೀಳ್ಕೊಂಡೀಯ’ ಎಂದು ಕೂಗಿದಾಗ ಆದ ಸುಖ ಯಾವ ಖಾನೆಗೆ ಸೇರಿದ್ದು? ಎರಡೂ ಒಂದೇ ಮರದಲ್ಲಿ ಬೆಳೆದುಹೋಗಿದ್ದವು, ಎಳೆ ಬಿಡಿಸಲು ಬರುತ್ತಿರಲಿಲ್ಲ. ಅವನು ಹುಡುಕುತ್ತಿರುವುದನ್ನು ಬಾರ್ನಬೆ ನೋಡುತ್ತಿದ್ದ, ಮತ್ತು ಆ ಹುಡುಕಾಟವನ್ನೇ ಉತ್ತರವೆಂದು ತೆಗೆದುಕೊಂಡ.

‘ಆ ದಿಜೋನ್ ಹೆಂಗಸಿಗೆ ಹೇಳಬೇಡ’ ಎಂದ ಕೊನೆಗೆ, ಸಣ್ಣ ಧ್ವನಿಯಲ್ಲಿ. ‘ನಾನು ಹೇಳಿದ್ದೇ ಇರ್ಲಿ. ಅದರಲ್ಲಿ ತಪ್ಪು ಮಾಡಿದವನೂ ನಾನು, ತಿದ್ದಿಕೊಂಡವನೂ ನಾನು. ನೀನು ಹೇಳೋದ್ರಲ್ಲಿ ನಾನು ಬರೀ ಏಟು ತಿಂದವನು. ಯಾವನೋ ದಾರೀಲಿ ನಿಂತಿದ್ದ, ಕಲ್ಲು ಬಂದು ಬಿತ್ತು, ಅಷ್ಟೆ.’ ಸುತ್ತಿಗೆ ಎತ್ತಿಕೊಂಡು ಮತ್ತೆ ಅಕ್ರೋಟು ಒಡೆಯತೊಡಗಿದ. ಎರಡು ಸಲ ಏಟು ತಪ್ಪಿ ಮೇಜಿಗೆ ಬಿತ್ತು. ಸುರಿದ ವೈನನ್ನು ಕ್ಲೋವಿಸ್ ಮುಟ್ಟಿರಲಿಲ್ಲ. ಕುಡಿದು ಹೋಗಬೇಕೋ ಬಿಟ್ಟು ಹೋಗಬೇಕೋ ತಿಳಿಯದೆ ನಿಂತಿದ್ದ.

ಬಾಗಿಲಿನವರೆಗೆ ಸೋಲಾಂಜ್ ಬಂದಳು. ಜಾಮಿನ ಸೀಸೆಯನ್ನು ಅವನಿಗೆ ವಾಪಸು ಕೊಡುತ್ತಾಳೆಂದು ಅವನು ಅಂದುಕೊಂಡ. ಅವಳ ಕೈ ಖಾಲಿಯಿತ್ತು. ‘ಯಾಕೆ ಹೇಳ್ದೆ ಕ್ಲೋವಿಸ್? ಯಾರು ಕೇಳಿದ್ರು?’ ಎಂದಳು.

‘ತಪ್ಪು ತನ್ನದೇ ಅಂತ ಹೇಳ್ಕೊಂಡ. ನನಗೆ ಕೇಳೋಕಾಗಲಿಲ್ಲ.’

‘ಅವನಿಗೆ ಹೇಳೋಕಾಗಿತ್ತಲ್ಲ’ ಎಂದಳು ಸೋಲಾಂಜ್. ಬಾಗಿಲು ಹಾಕಿಕೊಂಡಳು, ಜೋರಾಗಿಯೇನಲ್ಲ, ಚಳಿಗೆ ಹಾಕುವ ಹಾಗೆ.

ಶನಿವಾರ ಭಾನುವಾರ ಕ್ಲೋವಿಸ್ ಮನೆ ಬಿಟ್ಟು ಹೊರಡಲಿಲ್ಲ. ಒದೀಲ್ ಏನಾಯಿತೆಂದು ಕೇಳಿದಳು, ಅವನು ಹೇಳಿದ. ಎರಡನೆಯ ಸಲ ಹೇಳುವಾಗ ಮಾತು ಎಷ್ಟು ಸುಲಭವಾಗಿ ಬಂತೆಂದರೆ ಅವನೇ ಬೆದರಿ ಅರ್ಧಕ್ಕೆ ನಿಲ್ಲಿಸಿದ. ಒದೀಲ್ ಬಹಳ ಹೊತ್ತು ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಆಮೇಲೆ ಪೂಜೆಗೆ ಒಬ್ಬಳೇ ಹೋಗಿಬಂದಳು. ಚರ್ಚಿನಲ್ಲಿ ಬಾರ್ನಬೆ ದಂಪತಿ ಎಂದಿನ ಸಾಲಿನಲ್ಲಿ ಕೂರದೆ ಹಿಂದೆ ಕೂತಿದ್ದರೆಂದು ಮಾತ್ರ ಹೇಳಿದಳು.

ಸೋಮವಾರ ಬಾರ್ನಬೆ ಬಂದ. ಎಲ್ಲರಿಗಿಂತ ಮೊದಲೇ ಬಂದು ಬೆಂಕಿ ಹಾಕಿದ್ದ. ಬಳೆ ಬಡಿಯುವವರ ಜೊತೆ ಹವೆಯ ಬಗ್ಗೆ, ಭಾನುವಾರ ಯಾರೋ ಹೊಡೆದ ಕಾಡುಹಂದಿಯ ಬಗ್ಗೆ ಮಾತಾಡಿದ. ಮೊದಲ ಗುಲಾಬಿ ಅಗ್ಗಿಷ್ಟಿಕೆಯ ಮೇಲೆ ಕೂತು ಹಲಗೆಗಳು ಬಿಸಿಯಾಗಿ, ಒದ್ದೆಬಟ್ಟೆ ಮೂರು ಸಲ ಎಳೆದಾದ ಮೇಲೆ ಎಲ್ಲರೂ ಎಂದಿನಂತೆ ಅವನಿಗಾಗಿ ನಿಂತರು. ಅವನು ಅಂಗೈ ಇಟ್ಟ. ಎಂದೂ ಅಷ್ಟು ಹೊತ್ತು ಇಟ್ಟವನಲ್ಲ. ಹಲಗೆ ಹಬೆಯಾಡುತ್ತಿತ್ತು, ಚರ್ಮ ಸುಡುವಷ್ಟು ಬಿಸಿಯಿತ್ತು, ಅವನು ಕೈ ತೆಗೆಯಲಿಲ್ಲ. ‘ಇನ್ನೊಂದ್ಸಲ ಎಳೀರಿ’ ಎಂದ. ಎಳೆದರು. ಮತ್ತೆ ಕೈಯಿಟ್ಟು ‘ಇನ್ನೊಂದ್ಸಲ’ ಎಂದ. ರಾಟೆಯ ಹತ್ತಿರ ನಿಂತಿದ್ದವನು ಕ್ಲೋವಿಸನ ಮುಖ ನೋಡಿದ. ಮರ ಅತಿಯಾಗಿ ನೆನೆದುಹೋಗಿತ್ತು. ಒಳಗಿನ ಬೆಂಕಿ ಮತ್ತೆ ಮರದವರೆಗೆ ಬರಲು ಅರ್ಧ ಗಂಟೆ ಬೇಕು. ಕ್ಲೋವಿಸ್ ತನ್ನ ಮೇಜಿನ ಮೇಲಿದ್ದ ಹಲಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಅದರಲ್ಲಿ ಗಂಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಧ್ವನಿ ಕೇಳಿತು. ಬಾರ್ನಬೆ ನೀರಿನ ಬಕೆಟ್ಟು ಹಿಡಿದು ದಾರಿಗಾಗಿ ನಿಂತಿದ್ದ.

‘ಸ್ವಲ್ಪ ಜರುಗ್ತೀರಾ?’ ಎಂದ.

ಹದಿನಾಲ್ಕನೆಯ ವಯಸ್ಸಿನಿಂದ ಅವರು ಒಬ್ಬರಿಗೊಬ್ಬರು ನೀನು ಎನ್ನುತ್ತಿದ್ದವರು. ಜಗಳವಾಡಿದಾಗಲೂ ನೀನೇ. ಕ್ಲೋವಿಸ್ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಬಾರ್ನಬೆ ತಲೆ ಬಾಗಿಸಿ, ಗೊತ್ತಿಲ್ಲದವರಿಗೆ ಕೃತಜ್ಞತೆ ಹೇಳುವಂತೆ ಹೇಳಿ, ನೀರು ತುಳುಕದ ಹಾಗೆ ಹಾದುಹೋದ. ಆ ಮಾತಿನಲ್ಲಿ ವ್ಯಂಗ್ಯವಿರಬಹುದೆಂ‍ದು ಕ್ಲೋವಿಸ್ ದಿನವೆಲ್ಲ ಕಾದ, ಸಂಜೆಯೊಳಗೆ ಅವನು ತಿರುಗಿ ‘ಹೆದರಿದ್ಯಾ?’ ಎಂದು ನಗಬಹುದೆಂದು ಕಾದ. ವ್ಯಂಗ್ಯವಿರಲಿಲ್ಲ. ಮಂಗಳವಾರವೂ ಇರಲಿಲ್ಲ. ಬಾರ್ನಬೆ ಉಳಿದವರೊಡನೆ ಮೊದಲಿನಂತೆಯೇ ಇದ್ದ. ಕ್ಲೋವಿಸನೊಡನೆ ಮಾತ್ರ, ದೂರದ ಊರಿನಿಂದ ಬಂದ ಮರದ ವ್ಯಾಪಾರಿಯೊಡನೆ ಇರುವಂತೆ, ನಯವಾಗಿದ್ದ. ಯಾರಾದರೂ ಗಮನಿಸಿ ಕೇಳಿದರೆ ಏನು ಹೇಳಬೇಕೆಂದು ಕ್ಲೋವಿಸ್ ತಯಾರಾಗಿದ್ದ. ಯಾರೂ ಕೇಳಲಿಲ್ಲ. ಸೌದೆ ಕಡಿಯುವ ಕಾಲ ಬಂದಾಗ ಬಾರ್ನಬೆಯ ಅಂಗಳದಲ್ಲಿ ಸೀಳಿದ ಸೌದೆಯ ಅಟ್ಟಿ ಆಗಲೇ ಇತ್ತು, ಕಣಿವೆಯ ಆಚೆಯ ಯಾರಿಗೋ ಹೇಳಿ ತರಿಸಿದ್ದ. ಕ್ಲೋವಿಸ್ ತನಗರಿವಿಲ್ಲದೆ ಯಾರನ್ನೂ ಕರೆಯದ ವಾಕ್ಯಗಳನ್ನು ಆಡತೊಡಗಿದ. ಗುಲಾಬಿ ಆಯ್ತು. ಬಳೆ ಬಿಗಿಯಾಯ್ತು. ಮಳೆ ಬರೋ ಹಾಗಿದೆ. ನೀನು ಬೇಡ, ನೀವು ಬೇಡ; ಹೀಗೆ ಎಷ್ಟು ದೂರ ಹೋಗಬಹುದೆಂದು ನೋಡಿದರೆ ಬಹಳ ದೂರ ಹೋಗಬಹುದಿತ್ತು, ವಾರಗಟ್ಟಲೆ.

ಜನವರಿಯ ಒಂದು ಬೆಳಿಗ್ಗೆ ಗಾಳಿ ತಿರುಗಿ ಬಾಗಿಲಿನಿಂದ ಒಳನುಗ್ಗಿತು. ಅಗ್ಗಿಷ್ಟಿಕೆಯ ಜ್ವಾಲೆ ಒಂದು ಪಕ್ಕಕ್ಕೆ ವಾಲಿ ಹಲಗೆಯ ಅಂಚನ್ನು ನೆಕ್ಕಿತು. ಅದು ಬಾರ್ನಬೆಯ ಎಡಕ್ಕಿತ್ತು, ಅವನಿಗೆ ಕಾಣದ ಕಡೆ. ‘ಬೆಂಕಿ ನೋಡ್ಕೊಳೋ!’ ಎಂದು ಕ್ಲೋವಿಸ್ ಕೂಗಿದ. ಬಾರ್ನಬೆ ಥಟ್ಟನೆ ಹಿಂದೆ ಸರಿದು, ಜ್ವಾಲೆಯನ್ನು ನೋಡಿ, ಆಮೇಲೆ ಪೂರ್ತಿ ತಿರುಗಿ ಕ್ಲೋವಿಸನನ್ನು ನೋಡಿದ. ಆ ಕಣ್ಣಿನಲ್ಲಿ ದ್ವೇಷವಿರಲಿಲ್ಲ. ತಪ್ಪಿ ಒಂದು ಮಾತಾಡಿದವನು ತಾನಾಗಿ ತಿದ್ದಿಕೊಳ್ಳುತ್ತಾನೆಂದು ಮರ್ಯಾದಸ್ಥರು ಸುಮ್ಮನೆ ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದ.

‘ನೋಡ್ಕೊಳ್ಳಿ’ ಎಂದ ಕ್ಲೋವಿಸ್.

ಬಾರ್ನಬೆ ತಲೆಯಾಡಿಸಿ, ಬೆಂಕಿಯ ಕಡೆಗೆ ತಿರುಗಿದ.